ಹೋಂ ಥಿಯೇಟರ್ ಕಂಪ್ಯೂಟರಿನ ಧ್ವನಿ ದೋಷಗಳು

ಟಿವಿ ಅಥವಾ ಪ್ರೊಜೆಕ್ಟರಿಗೆ ಜೋಡಿಸಿ, ಸಿನಿಮಾ ನೋಡಲು ಮತ್ತು ಸಂಗೀತ ಕೇಳಲು ಮೀಸಲಿಟ್ಟ ಕಂಪ್ಯೂಟರನ್ನು ಹೋಂ ಥಿಯೇಟರ್ ಕಂಪ್ಯೂಟರ್ ಎನ್ನುತ್ತಾರೆ. ಮೈಕ್ರೋಸಾಫ್ಟ್ 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ಹೊರತಂದಿತು. ಲಿನಕ್ಸ್ ಬಳಗದ ಮಿತ್‌ಟಿವಿ ಹುಟ್ಟಿದ್ದೂ ಅದೇ ವರ್ಷ. ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಹವ್ಯಾಸಿಗಳು ಬರೆದ ಎಕ್ಸ್‌ಬಿಎಂಸಿ ಎಂಬ ಪ್ಲೇಯರ್ ಕ್ರಮೇಣ ಎಲ್ಲ ಬಗೆಯ ಕಂಪ್ಯೂಟರುಗಳಿಗೂ ಹರಡಿ, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರ್ ಇಲ್ಲವಾದರೂ ಇಂಥ ಕಂಪ್ಯೂಟರುಗಳ ಬಳಕೆ ನಿಲ್ಲಲಿಲ್ಲ. ಹಳೆಯ ಡೆಸ್ಕ್‌ಟಾಪ್, ಅಂಗೈಯಗಲದ ಮಿನಿ ಪಿಸಿ, ರಾಸ್ಪ್‌ಬೆರಿ ಪೈ ಹೀಗೆ ಕೈಗೆ ಸಿಕ್ಕ ಯಂತ್ರವನ್ನು ಟಿವಿಯ ಹಿಂದೆ ಕೂರಿಸಿದವರು ಇಂದಿಗೂ ಸಾಕಷ್ಟು ಮಂದಿ ಇದ್ದಾರೆ.

ಇವರನ್ನು ಹೆಚ್ಚು ಕಾಡುವುದು ಚಿತ್ರವಲ್ಲ, ಧ್ವನಿ. ಚಿತ್ರ ಕಂಪ್ಯೂಟರಿನಿಂದ ಹೊರಟು ಪರದೆಯ ಮೇಲೆ ಮುಗಿಯುತ್ತದೆ. ಬಂದಿದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಧ್ವನಿಯ ದಾರಿ ಉದ್ದ. ಫೈಲಿನೊಳಗಿನ ಧ್ವನಿ ಪ್ಲೇಯರ್, ಆಪರೇಟಿಂಗ್ ಸಿಸ್ಟಂ, ಡ್ರೈವರ್, ಗ್ರಾಫಿಕ್ಸ್ ಚಿಪ್ ಅಥವಾ ಸೌಂಡ್ ಕಾರ್ಡ್, ಕೇಬಲ್, ಟಿವಿ ಅಥವಾ ಸ್ಪೀಕರುಗಳನ್ನು ನಡೆಸುವ ರಿಸೀವರ್ ಇವೆಲ್ಲವನ್ನೂ ದಾಟಿ ಸ್ಪೀಕರನ್ನು ಮುಟ್ಟಬೇಕು. ಪ್ರತಿ ಹಂತದಲ್ಲೂ ಎಷ್ಟು ಚಾನೆಲ್, ಯಾವ ವೇಗ, ಯಾವ ಸಂಕೇತ ಎಂಬುದನ್ನು ಎರಡು ಸಾಧನಗಳು ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತವೆ. ಸದ್ದು ನಿಂತಾಗ ಹಲವರು ಕಾರ್ಡ್ ಸುಟ್ಟಿತೆಂದು ಅಂಗಡಿಗೆ ಓಡುತ್ತಾರೆ. ನಿಜದಲ್ಲಿ ಭಾಗ ಕೆಟ್ಟಿರುವುದು ಅಪರೂಪ. ಎರಡು ಸಾಧನಗಳ ನಡುವಿನ ಒಪ್ಪಂದ ತಪ್ಪಿರುವುದೇ ಹೆಚ್ಚು. ಆದ್ದರಿಂದ ದುರಸ್ತಿಯ ಮೊದಲ ಕೆಲಸ ಧ್ವನಿ ಯಾವ ಹಂತದವರೆಗೆ ಸರಿಯಾಗಿ ಬಂದು ಎಲ್ಲಿ ನಿಂತಿದೆ ಎಂದು ಗುರುತಿಸುವುದು.

ಧ್ವನಿ ಸಾಗುವ ಎರಡು ಬಗೆ

ಸಿನಿಮಾದ ಧ್ವನಿ ಕಂಪ್ಯೂಟರಿನಿಂದ ಎರಡು ರೂಪದಲ್ಲಿ ಹೊರಡಬಲ್ಲದು. ಪ್ಲೇಯರೇ ಡಾಲ್ಬಿ ಅಥವಾ ಡಿಟಿಎಸ್ ಸಂಕೇತವನ್ನು ಬಿಡಿಸಿ, ಪ್ರತಿ ಸ್ಪೀಕರಿನ ಧ್ವನಿಯನ್ನು ಬಿಡಿಬಿಡಿಯಾದ ಅಂಕಿಗಳಾಗಿ ಕಳಿಸಿದರೆ ಅದು ಪಿಸಿಎಂ. ಸಂಕೇತವನ್ನು ಬಿಡಿಸದೆ ಇದ್ದಂತೆಯೇ ರಿಸೀವರಿಗೆ ದಾಟಿಸಿದರೆ ಅದು ಬಿಟ್‌ಸ್ಟ್ರೀಮ್. ಪ್ಲೇಯರುಗಳ ಸೆಟ್ಟಿಂಗ್ಸಿನಲ್ಲಿ ಇದನ್ನೇ ಪಾಸ್‌ಥ್ರೂ ಎಂದು ಬರೆದಿರುತ್ತದೆ. ಪಾಸ್‌ಥ್ರೂ ಇದ್ದರೇನೇ ಉತ್ತಮ ಗುಣಮಟ್ಟ ಎಂಬ ನಂಬಿಕೆ ವ್ಯಾಪಕವಾಗಿದೆ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋದಂಥ ನಷ್ಟವಿಲ್ಲದ ಸಂಕೇತಗಳನ್ನು ಕಂಪ್ಯೂಟರ್ ಬಿಡಿಸಿದರೂ ರಿಸೀವರ್ ಬಿಡಿಸಿದರೂ ಸಿಗುವ ಅಂಕಿಗಳು ಒಂದೇ ಆದ್ದರಿಂದ ಆ ನಂಬಿಕೆಗೆ ಆಧಾರ ಕಡಿಮೆ. ಡಾಲ್ಬಿಯ ಅಟ್ಮಾಸ್ ಮಾತ್ರ ಬೇರೆ. ಅದರಲ್ಲಿ ಸದ್ದು ಕೋಣೆಯ ಯಾವ ಮೂಲೆಯಿಂದ ಬರಬೇಕೆಂಬ ಮಾಹಿತಿಯೂ ಸೇರಿರುತ್ತದೆ. ಸಾಮಾನ್ಯ ಪ್ಲೇಯರುಗಳು ಅದನ್ನು ಬಿಡಿಸಲಾರವು, ಹಾಗಾಗಿ ರಿಸೀವರಿಗೇ ಕೊಡಬೇಕಾಗುತ್ತದೆ.

ಕೇಬಲಿನ ಮಿತಿಯೂ ಇಲ್ಲಿ ಮುಖ್ಯ. ಸೋನಿ ಮತ್ತು ಫಿಲಿಪ್ಸ್ ರೂಪಿಸಿದ ಎಸ್‌ಪಿಡಿಐಎಫ್ ಸಂಪರ್ಕ ಎರಡು ಚಾನೆಲ್‌ಗಳ ಪಿಸಿಎಂಗೆಂದು ಹುಟ್ಟಿದ್ದು. ತಾಮ್ರದ ಕೋಆಕ್ಸಿಯಲ್ ತಂತಿಯಲ್ಲೂ, ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ಆಪ್ಟಿಕಲ್ ತಂತಿಯಲ್ಲೂ ಅದು ಸಾಗುತ್ತದೆ. ಸೆಕೆಂಡಿಗೆ 48,000 ಮಾದರಿ, 16 ಬಿಟ್, ಎರಡು ಚಾನೆಲ್ ಎಂದರೆ ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್. ಅದೇ ಲೆಕ್ಕದಲ್ಲಿ ಆರು ಚಾನೆಲ್‌ಗಳಿಗೆ 46 ಲಕ್ಷ ಬಿಟ್ ಬೇಕು. ಅದು ಈ ದಾರಿಯಲ್ಲಿ ಹಿಡಿಸದು. ಡಾಲ್ಬಿ ಡಿಜಿಟಲ್ ಹೆಚ್ಚೆಂದರೆ ಸೆಕೆಂಡಿಗೆ 640 ಸಾವಿರ ಬಿಟ್ ಬಳಸುತ್ತದೆ, ಡಿವಿಡಿಗಳಲ್ಲಿ ಅದು 448 ಸಾವಿರಕ್ಕೆ ಸೀಮಿತ. ಹೀಗೆ ಹಿಂಡಿದ ಆರು ಚಾನೆಲ್‌ಗಳ 5.1 ಧ್ವನಿಯಾದರೆ ಎಸ್‌ಪಿಡಿಐಎಫ್‌ನಲ್ಲಿ ಸಲೀಸಾಗಿ ಹೋಗುತ್ತದೆ. ಟ್ರೂಎಚ್‌ಡಿ ಹೋಗುವುದಿಲ್ಲ.

2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ ಈ ಇಕ್ಕಟ್ಟನ್ನು ಬಿಡಿಸಿತು. ಮೊದಲ ಆವೃತ್ತಿಯಲ್ಲೇ ಎಂಟು ಚಾನೆಲ್‌ಗಳ ಪಿಸಿಎಂಗೆ ಅವಕಾಶವಿತ್ತು. ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಬಿಟ್‌ಸ್ಟ್ರೀಮ್ 2006ರ 1.3 ಆವೃತ್ತಿಯಲ್ಲಿ ಸೇರಿದವು. ಆದರೆ ಕಂಪ್ಯೂಟರುಗಳು ಹಿಂದೆ ಬಿದ್ದವು. ಎನ್ವಿಡಿಯಾದ ಆ ಕಾಲದ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಎಚ್‌ಡಿಎಂಐಗೆ ಧ್ವನಿ ಬರಬೇಕಾದರೆ ಮದರ್‌ಬೋರ್ಡಿನಿಂದ ಕಾರ್ಡಿಗೆ ಎರಡೆಳೆಯ ತಂತಿಯೊಂದನ್ನು ಒಳಗಡೆಯೇ ಸಿಕ್ಕಿಸಬೇಕಿತ್ತು. ಅದನ್ನು ಮರೆತವರಿಗೆ ಚಿತ್ರವಷ್ಟೇ ಸಿಗುತ್ತಿತ್ತು. ಎಎಂಡಿಯ ರೇಡಿಯಾನ್ ಎಚ್‌ಡಿ 5000 ಸರಣಿ 2009ರಲ್ಲಿ ಬಂದ ಮೇಲೆಯೇ ಗ್ರಾಫಿಕ್ಸ್ ಕಾರ್ಡೊಂದು ಆ ಎರಡೂ ಸಂಕೇತಗಳನ್ನು ನೇರವಾಗಿ ಕಳಿಸುವಂತಾದದ್ದು. ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಳ್ಳುವವರು ಈ ವರ್ಷವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಸದ್ದೇ ಬರದಿದ್ದಾಗ

ಎಚ್‌ಡಿಎಂಐ ಇರುವ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಎರಡು ಧ್ವನಿ ಸಾಧನಗಳಿರುತ್ತವೆ. ಒಂದು ಮದರ್‌ಬೋರ್ಡಿನ ಮೇಲಿನ ಚಿಪ್. ಇದು ಸಾಮಾನ್ಯವಾಗಿ ರಿಯಲ್‌ಟೆಕ್‌ನದು, ಬಣ್ಣಬಣ್ಣದ ಜಾಕುಗಳು ಇದರವು. ಇನ್ನೊಂದು ಗ್ರಾಫಿಕ್ಸ್ ಚಿಪ್ಪಿನೊಳಗೆ ಇರುತ್ತದೆ, ಎಚ್‌ಡಿಎಂಐ ಧ್ವನಿ ಹೊರಡುವುದು ಅಲ್ಲಿಂದ. ಟಿವಿಗೆ ಎಚ್‌ಡಿಎಂಐ ಜೋಡಿಸಿ, ಸಿಸ್ಟಂ ಮಾತ್ರ ರಿಯಲ್‌ಟೆಕ್ ಚಿಪ್ಪನ್ನೇ ಡೀಫಾಲ್ಟ್ ಆಗಿಟ್ಟುಕೊಂಡಿದ್ದರೆ ಧ್ವನಿ ಖಾಲಿ ಜಾಕಿನತ್ತ ಹರಿಯುತ್ತಿರುತ್ತದೆ. ವಿಂಡೋಸಿನ ಸೌಂಡ್ ಸೆಟ್ಟಿಂಗ್ಸಿನಲ್ಲಿ ಟಿವಿ ಅಥವಾ ರಿಸೀವರಿನ ಹೆಸರು ಕಾಣುವ ಸಾಧನವನ್ನು ಆರಿಸಿದರೆ ಇದು ಸರಿಹೋಗುತ್ತದೆ. ಕೋಡಿಯಂಥ ಪ್ಲೇಯರುಗಳು ತಮ್ಮದೇ ಆಯ್ಕೆ ಇಟ್ಟುಕೊಳ್ಳುತ್ತವೆ, ಹಾಗಾಗಿ ಅಲ್ಲೂ ಬದಲಿಸಬೇಕು. ಯೂಟ್ಯೂಬಿನಲ್ಲಿ ಸದ್ದು ಬರುತ್ತದೆ, ಕೋಡಿಯಲ್ಲಿ ಬರುವುದಿಲ್ಲ ಎನ್ನುವವರ ತೊಂದರೆ ಬಹುಮಟ್ಟಿಗೆ ಇಲ್ಲೇ ಇರುತ್ತದೆ.

ನಿನ್ನೆಯವರೆಗೆ ಸರಿಯಿದ್ದು ಇಂದು ನಿಂತಿತು ಎಂಬ ದೂರಿನ ಕಾರಣ ಸ್ವಲ್ಪ ಆಳದಲ್ಲಿದೆ. ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಪಿನ್‌ಗಳಿವೆ. ಆ ಕಡೆ ಒಂದು ಸಾಧನ ಜೋಡಣೆಯಾಗಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು 19ನೆಯ ಪಿನ್. ತಿಳಿದ ಕೂಡಲೇ ಕಂಪ್ಯೂಟರ್ ಆ ಸಾಧನದಿಂದ ಇಡಿಐಡಿ ಎಂಬ ಪುಟ್ಟ ದಾಖಲೆಯನ್ನು ಓದುತ್ತದೆ. ಅದು 128 ಬೈಟುಗಳ ತುಂಡುಗಳಲ್ಲಿ ಬರುವ ಪರಿಚಯಪತ್ರ: ತಯಾರಕರು ಯಾರು, ಯಾವ ರೆಸಲ್ಯೂಷನ್ ನಡೆಯುತ್ತದೆ ಎಂಬುದು ಮೊದಲ ತುಂಡಿನಲ್ಲಿ, ಯಾವ ಧ್ವನಿ ಸಂಕೇತ ಎಷ್ಟು ಚಾನೆಲ್‌ನಲ್ಲಿ ಅರ್ಥವಾಗುತ್ತದೆ ಎಂಬುದು ಮುಂದಿನ ತುಂಡಿನಲ್ಲಿ. ಟಿವಿ ಅಥವಾ ರಿಸೀವರನ್ನು ಆಫ್ ಮಾಡಿದರೆ ಕೆಲವು ಮಾದರಿಗಳಲ್ಲಿ ಈ ಸಂಪರ್ಕ ಕಡಿಯುತ್ತದೆ. ಆಗ ಸಿಸ್ಟಂ ಎಚ್‌ಡಿಎಂಐ ಸಾಧನ ಇಲ್ಲವೆಂದು ತಿಳಿದು ಬೇರೆ ಸಾಧನಕ್ಕೆ ಹೊರಳುತ್ತದೆ, ಮತ್ತೆ ಹಚ್ಚಿದರೂ ಒಮ್ಮೊಮ್ಮೆ ಹಿಂದಿರುಗುವುದಿಲ್ಲ. ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಕಂಪ್ಯೂಟರ್ ಎಂಬ ಕ್ರಮದಲ್ಲಿ ಹಚ್ಚಿ ನೋಡಿದರೆ ದೋಷ ಇದೇ ಹೌದೋ ಅಲ್ಲವೋ ಖಚಿತವಾಗುತ್ತದೆ. ಹೌದಾದರೆ ಇಡಿಐಡಿಯನ್ನು ನೆನಪಿಟ್ಟುಕೊಂಡು ಸದಾ ಒಪ್ಪಿಸುವ ಎಮ್ಯುಲೇಟರ್ ಎಂಬ ಸಣ್ಣ ಸಾಧನವನ್ನು ಕೇಬಲಿನ ನಡುವೆ ಹಾಕಬಹುದು. ಲಿನಕ್ಸಿನಲ್ಲಿ ಇಡಿಐಡಿಯನ್ನು ಒಂದು ಫೈಲಾಗಿ ಉಳಿಸಿ, ಬೂಟ್ ಆಗುವಾಗ ಕರ್ನಲ್ ಅದನ್ನೇ ಓದುವಂತೆ ಮಾಡುವ ದಾರಿಯೂ ಇದೆ.

ಚಿತ್ರ ಚೆನ್ನಾಗಿದ್ದು ಧ್ವನಿ ಸಾಧನದ ಹೆಸರೇ ಕಾಣದಿದ್ದರೆ ಸಂಪರ್ಕ ಡಿವಿಐ ರೀತಿಯಲ್ಲಿ ಏರ್ಪಟ್ಟಿರಬಹುದು. ಡಿವಿಐ ಎಚ್‌ಡಿಎಂಐಗಿಂತ ಹಿಂದಿನದು, ಅದರ ಮಾನಕದಲ್ಲಿ ಧ್ವನಿಗೆ ಜಾಗವಿಲ್ಲ. ಎಚ್‌ಡಿಎಂಐ ಧ್ವನಿಯನ್ನು ಒಯ್ಯುವುದು ಚಿತ್ರದ ಸಾಲು ಸಾಲುಗಳ ನಡುವೆ ಬಿಟ್ಟಿರುವ ಖಾಲಿ ಅವಧಿಯಲ್ಲಿ, ಚಿಕ್ಕ ಪೊಟ್ಟಣಗಳಾಗಿ. ಸಂಪರ್ಕ ಡಿವಿಐ ಆಗಿಬಿಟ್ಟರೆ ಆ ಪೊಟ್ಟಣಗಳು ಹೊರಡುವುದೇ ಇಲ್ಲ. ರಾಸ್ಪ್‌ಬೆರಿ ಪೈಯ ಹಳೆಯ ಮಾದರಿಗಳಲ್ಲಿ ಇದು ಸಾಮಾನ್ಯವಾಗಿತ್ತು. ಕಾನ್ಫಿಗ್ ಫೈಲಿನಲ್ಲಿ ಎಚ್‌ಡಿಎಂಐ ಡ್ರೈವ್ ಎಂಬ ಆಯ್ಕೆಯ ಬೆಲೆಯನ್ನು 2 ಎಂದಿಟ್ಟರೆ ಧ್ವನಿಸಹಿತ ಎಚ್‌ಡಿಎಂಐ ಕಡ್ಡಾಯವಾಗುತ್ತದೆ. ಧ್ವನಿ ಆ ಖಾಲಿ ಅವಧಿಯಲ್ಲೇ ಸಾಗಬೇಕಾದ್ದರಿಂದ 640×480ರಂಥ ತೀರ ಕಡಿಮೆ ರೆಸಲ್ಯೂಷನ್ನಿನಲ್ಲಿ ಎಂಟು ಚಾನೆಲ್‌ಗಳ ಉನ್ನತ ದರದ ಧ್ವನಿಗೆ ಖಾಲಿ ಅವಧಿ ಸಾಲದೆ ಹೋಗುತ್ತದೆ.

ಲಿನಕ್ಸ್ ಬಳಸುವವರು ಇನ್ನೂ ಒಂದನ್ನು ನೋಡಬೇಕು. ಅದರ ಧ್ವನಿ ವ್ಯವಸ್ಥೆಯಲ್ಲಿ ತಳದಲ್ಲಿರುವುದು ಆಲ್ಸಾ, ಅದರ ಮೇಲೆ ಪಲ್ಸ್‌ಆಡಿಯೋ ಅಥವಾ ಈಚಿನ ಪೈಪ್‌ವೈರ್. ಫೆಡೋರಾ 2021ರ ತನ್ನ 34ನೆಯ ಆವೃತ್ತಿಯಲ್ಲಿ ಪೈಪ್‌ವೈರನ್ನು ಡೀಫಾಲ್ಟ್ ಮಾಡಿತು. ಮೇಲಿನ ಪದರದಲ್ಲಿ ವಾಲ್ಯೂಮ್ ಪೂರ್ತಿ ಇದ್ದರೂ ತಳದಲ್ಲಿ ಮ್ಯೂಟ್ ಆಗಿರುವುದುಂಟು. ಟರ್ಮಿನಲಿನಲ್ಲಿ ಆಲ್ಸಾಮಿಕ್ಸರ್ ತೆರೆದು, ಐಇಸಿ 958 ಎಂಬ ಹೆಸರಿನ ಕಂಬದ ಕೆಳಗೆ ಎರಡು ಎಂ ಅಕ್ಷರ ಕಂಡರೆ ಅದು ಮ್ಯೂಟ್; ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ಆಮೇಲೆ ಸ್ಪೀಕರ್-ಟೆಸ್ಟ್ ಆದೇಶವನ್ನು ಆರು ಚಾನೆಲ್‌ಗಳಿಗೆ ಓಡಿಸಿ, ಪ್ರತಿ ಸ್ಪೀಕರೂ ಸರದಿಯಂತೆ ಉಲಿಯುತ್ತದೆಯೇ ಎಂದು ಕೇಳಬೇಕು. ಈ ಪರೀಕ್ಷೆಗೆ ನಾನು ವಿಶೇಷ ಮಹತ್ವ ಕೊಡುತ್ತೇನೆ. ಪ್ಲೇಯರನ್ನೂ ಫೈಲನ್ನೂ ಬದಿಗಿಟ್ಟು ಉಳಿದ ದಾರಿಯನ್ನಷ್ಟೇ ಅಳೆಯುವುದರಿಂದ ಹುಡುಕಬೇಕಾದ ಜಾಗ ಒಂದೇ ಏಟಿಗೆ ಅರ್ಧವಾಗುತ್ತದೆ. ವಿಂಡೋಸಿನಲ್ಲೂ ಸ್ಪೀಕರ್ ಕಾನ್ಫಿಗರ್ ಮಾಡುವ ಕಿಟಕಿಯಲ್ಲಿ ಇಂಥದೇ ಟೆಸ್ಟ್ ಗುಂಡಿಯಿದೆ.

ಆಪ್ಟಿಕಲ್ ತಂತಿಯ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣುವ ಕೆಂಪು ಬೆಳಕು. ರಿಸೀವರ್ ತುದಿಯನ್ನು ಬಿಚ್ಚಿ ಅಂಗೈಗೆ ಹಿಡಿದರೆ ಕೆಂಪು ಚುಕ್ಕೆ ಬೀಳಬೇಕು. ಬೀಳದಿದ್ದರೆ ತಂತಿ ತೀರ ಬಾಗಿ ಮುರಿದಿದೆ, ಪ್ಲಗ್ಗಿನ ಪ್ಲಾಸ್ಟಿಕ್ ಟೋಪಿ ತೆಗೆದಿಲ್ಲ, ಅಥವಾ ಕಂಪ್ಯೂಟರಿನ ಆ ಪೋರ್ಟ್ ಚಾಲೂ ಇಲ್ಲ.

5.1 ಇದ್ದೂ ಎರಡೇ ಸ್ಪೀಕರ್

ಸೌಂಡ್‌ಬಾರ್ ಬಂದ ಮೇಲೆ ಈ ದೂರು ಹೆಚ್ಚಾಗಿದೆ. ಕಂಪ್ಯೂಟರನ್ನು ಟಿವಿಗೆ, ಟಿವಿಯನ್ನು ಎಚ್‌ಡಿಎಂಐ ಕೇಬಲಿನಲ್ಲೇ ಧ್ವನಿ ಹೊರಕಳಿಸುವ ಎಆರ್‌ಸಿ ಮೂಲಕ ಸೌಂಡ್‌ಬಾರಿಗೆ ಜೋಡಿಸುವುದು ಈಗಿನ ರೂಢಿ. ಕಂಪ್ಯೂಟರ್ ಓದುವುದು ಟಿವಿಯ ಇಡಿಐಡಿಯನ್ನು. ಟಿವಿ ತನ್ನೊಳಗಿನ ಎರಡು ಸ್ಪೀಕರುಗಳನ್ನಷ್ಟೇ ಹೇಳಿಕೊಂಡರೆ ಕಂಪ್ಯೂಟರ್ ಸ್ಟೀರಿಯೋ ಕಳಿಸಿ ಸುಮ್ಮನಾಗುತ್ತದೆ; ಆಚೆ ದೊಡ್ಡ ವ್ಯವಸ್ಥೆ ಇರುವುದು ಅದಕ್ಕೆ ತಿಳಿಯುವುದಿಲ್ಲ. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದ ಎಆರ್‌ಸಿ, ಸಾಮರ್ಥ್ಯದಲ್ಲಿ ಎಸ್‌ಪಿಡಿಐಎಫ್‌ನ ಸಮಕ್ಕೇ ಇರುವುದರಿಂದ ಬಹುಚಾನೆಲ್ ಪಿಸಿಎಂ ಅದರಲ್ಲಿ ಹೋಗದು. 2017ರ ಎಚ್‌ಡಿಎಂಐ 2.1ರ ಇಎಆರ್‌ಸಿ ಸೆಕೆಂಡಿಗೆ ಸುಮಾರು 3.7 ಕೋಟಿ ಬಿಟ್ ಒಯ್ಯುತ್ತದೆ. 192 ಕಿಲೋಹರ್ಟ್ಸ್, 24 ಬಿಟ್, ಎಂಟು ಚಾನೆಲ್‌ಗಳನ್ನು ಗುಣಿಸಿದರೆ ಬರುವ ಮೊತ್ತವೂ ಅಷ್ಟೇ. ಸಾಧ್ಯವಿದ್ದರೆ ಕಂಪ್ಯೂಟರನ್ನು ಮೊದಲು ರಿಸೀವರಿಗೆ ಜೋಡಿಸಿ, ಅಲ್ಲಿಂದ ಟಿವಿಗೆ ಚಿತ್ರ ಕಳಿಸುವುದೇ ಲೇಸು. ಕೆಲವು ಟಿವಿಗಳು ಡಿಟಿಎಸ್ ಸಂಕೇತವನ್ನು ಮುಂದಕ್ಕೆ ಬಿಡದೆ ತಡೆಯುವ ತೊಂದರೆಯೂ ಅಲ್ಲಿಗೆ ಮುಗಿಯುತ್ತದೆ.

ಆಪ್ಟಿಕಲ್ ತಂತಿ ಬಳಸುವವರಿಗೆ ಇನ್ನೊಂದು ಗೊಂದಲ. ಡಾಲ್ಬಿ ಸಂಕೇತದ ಸಿನಿಮಾ 5.1ರಲ್ಲಿ ಕೇಳಿಸುತ್ತದೆ, ಎಎಸಿ ಸಂಕೇತದ ಸಿನಿಮಾ ಸ್ಟೀರಿಯೋ ಆಗುತ್ತದೆ. ರಿಸೀವರುಗಳು ಆ ತಂತಿಯಲ್ಲಿ ಎಎಸಿ ಬಿಟ್‌ಸ್ಟ್ರೀಮನ್ನು ಸಾಮಾನ್ಯವಾಗಿ ಓದುವುದಿಲ್ಲ, ಬಿಡಿಸಿ ಕಳಿಸಲು ಆರು ಚಾನೆಲ್‌ಗಳಿಗೆ ಜಾಗವಿಲ್ಲ. ಇಲ್ಲಿ ಮತ್ತೆ ಸಂಕೇತಿಸುವುದೊಂದೇ ದಾರಿ. ಕೋಡಿಯಲ್ಲಿ ಚಾನೆಲ್‌ಗಳ ಸಂಖ್ಯೆಯನ್ನು 2.0 ಎಂದಿಟ್ಟು, ಪಾಸ್‌ಥ್ರೂ ತೆರೆದು, ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಆರಿಸಬೇಕು. ಐದು ಸ್ಪೀಕರ್ ಇದ್ದರೂ 2.0 ಎನ್ನುವುದು ವಿಚಿತ್ರವೆನಿಸಬಹುದು; ಅಲ್ಲಿ ಕೇಳುತ್ತಿರುವುದು ತಂತಿ ಒಯ್ಯಬಲ್ಲ ಪಿಸಿಎಂ ಚಾನೆಲ್‌ಗಳ ಸಂಖ್ಯೆಯನ್ನು. ಆಟಗಳ ಧ್ವನಿಗೆ ಇದೇ ಕೆಲಸವನ್ನು ಕೆಲವು ಸೌಂಡ್ ಚಿಪ್ಪುಗಳ ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಮಾಡುತ್ತವೆ.

ಮಾತು ಕೇಳುವುದಿಲ್ಲ, ಹಾಡು ಕಿವಿ ಒಡೆಯುತ್ತದೆ

ಸಿನಿಮಾದ 5.1 ಧ್ವನಿಯಲ್ಲಿ ಪಾತ್ರಗಳ ಮಾತು ಬಹುಪಾಲು ನಡುವಿನ ಸ್ಪೀಕರಿನಲ್ಲೇ ಇರುತ್ತದೆ. ಮನೆಯಲ್ಲಿರುವುದು ಎರಡೇ ಸ್ಪೀಕರಾಗಿ, ಸಿಸ್ಟಂನಲ್ಲಿ ಮಾತ್ರ 5.1 ಎಂದು ನಮೂದಿಸಿದ್ದರೆ, ಇಲ್ಲದ ಸ್ಪೀಕರಿಗೆ ಹೋದ ಮಾತು ಕಳೆದುಹೋಗುತ್ತದೆ. ಸಂಗೀತ ಮತ್ತು ಸದ್ದುಗದ್ದಲ ಎಡಬಲದಲ್ಲಿ ಅಬ್ಬರಿಸುತ್ತವೆ, ಸಂಭಾಷಣೆ ದೂರದ ಕೋಣೆಯಿಂದ ಬಂದಂತೆ ಕ್ಷೀಣವಾಗುತ್ತದೆ. ಸ್ಟೀರಿಯೋ ಎಂದು ಬದಲಿಸಿದ ಕೂಡಲೇ ಪ್ಲೇಯರ್ ನಡುವಿನ ಧ್ವನಿಯನ್ನು ಎರಡೂ ಕಡೆಗೆ ಹಂಚುತ್ತದೆ. ಹಂಚಿದ ಮೇಲೂ ಮಾತು ತಗ್ಗಿದ್ದರೆ, ಚಿತ್ರಮಂದಿರಕ್ಕೆಂದು ಮಾಡಿದ ಏರಿಳಿತ ಮನೆಯ ಕೋಣೆಗೆ ಹೆಚ್ಚಾಗಿದೆ ಎಂದರ್ಥ. ರಾತ್ರಿ ಮನೆಮಂದಿ ಮಲಗಿದ ಮೇಲೆ ನೋಡುವವರಿಗೆ ರಿಸೀವರಿನ ನೈಟ್ ಮೋಡ್ ಅಥವಾ ಪ್ಲೇಯರಿನ ಡೈನಾಮಿಕ್ ರೇಂಜ್ ಕಂಪ್ರೆಷನ್ ನೆರವಾಗುತ್ತದೆ.

ಆರೂ ಸ್ಪೀಕರ್ ಇದ್ದು ಮಾತು ಹಿಂದಿನಿಂದ ಬರುವುದು ಇನ್ನೊಂದು ಬಗೆ. ಆರು ಚಾನೆಲ್‌ಗಳನ್ನು ಯಾವ ಅನುಕ್ರಮದಲ್ಲಿ ಪೇರಿಸಬೇಕೆಂಬುದರಲ್ಲಿ ಎಲ್ಲರೂ ಒಂದೇ ನಿಯಮ ಪಾಲಿಸುವುದಿಲ್ಲ. ವಿಂಡೋಸಿನ ವೇವ್ ಫೈಲಿನಲ್ಲಿ ಮುಂದಿನ ಎಡ, ಮುಂದಿನ ಬಲ, ನಡು, ಸಬ್‌ವೂಫರ್, ಹಿಂದಿನ ಎಡ, ಹಿಂದಿನ ಬಲ ಎಂಬುದು ಕ್ರಮ. ಆಲ್ಸಾದಲ್ಲಿ ಮುಂದಿನ ಎರಡು, ಹಿಂದಿನ ಎರಡು, ಕೊನೆಗೆ ನಡು ಮತ್ತು ಸಬ್‌ವೂಫರ್. ಎಎಸಿಯಲ್ಲಿ ನಡುವಿನದೇ ಮೊದಲು. ಇವುಗಳ ನಡುವೆ ಅನುವಾದ ತಪ್ಪಿ ವೇವ್ ಕ್ರಮದ ಧ್ವನಿ ಆಲ್ಸಾ ಕ್ರಮದಲ್ಲಿ ಓದಲ್ಪಟ್ಟರೆ, ಸಂಭಾಷಣೆ ಹಿಂದಿನ ಎಡ ಸ್ಪೀಕರಿಗೂ ಗುಡುಗಿನ ಸದ್ದು ಹಿಂದಿನ ಬಲಕ್ಕೂ ಹೋಗುತ್ತದೆ. ಯಾವ ಸದ್ದು ಎಲ್ಲಿಂದ ಬಂತೆಂದು ಬರೆದುಕೊಂಡು ಹೋಲಿಸಿದರೆ ಯಾವ ಎರಡು ಕ್ರಮಗಳು ಅದಲುಬದಲಾಗಿವೆ ಎಂಬುದು ಹಾಳೆಯ ಮೇಲೇ ಹೊಳೆಯುತ್ತದೆ. ಅನಲಾಗ್ ಜಾಕ್ ಬಳಸುವವರು ಅದಕ್ಕೂ ಮೊದಲು ಪಿನ್ನುಗಳ ಬಣ್ಣ ನೋಡಲಿ: ಹಸಿರು ಮುಂದಿನ ಸ್ಪೀಕರುಗಳಿಗೆ, ಕಪ್ಪು ಹಿಂದಿನವಕ್ಕೆ, ಕಿತ್ತಳೆ ನಡು ಮತ್ತು ಸಬ್‌ವೂಫರಿಗೆ, ಬೂದು ಪಕ್ಕದವಕ್ಕೆ.

ಕರ್ಕಶ ಸದ್ದು, ಗುಂಯ್‌ಗುಡುವಿಕೆ

ಸಿನಿಮಾ ಶುರುವಾದೊಡನೆ ಸ್ಪೀಕರುಗಳಿಂದ ಭೋರೆಂದು ಕರ್ಕಶ ಗದ್ದಲ ಸಿಡಿದರೆ ತಕ್ಷಣ ವಾಲ್ಯೂಮ್ ಇಳಿಸಬೇಕು, ಟ್ವೀಟರುಗಳು ಹಾಳಾದಾವು. ಅದು ಬಿಟ್‌ಸ್ಟ್ರೀಮನ್ನು ರಿಸೀವರ್ ಸಾಮಾನ್ಯ ಪಿಸಿಎಂ ಎಂದು ಭಾವಿಸಿ ನುಡಿಸಿದ ಸದ್ದು. ಐಇಸಿ 61937 ಮಾನಕದ ಪ್ರಕಾರ ಬಿಟ್‌ಸ್ಟ್ರೀಮಿನ ಪ್ರತಿ ಕಂತಿನ ಆರಂಭದಲ್ಲಿ ಗೊತ್ತಾದ ಗುರುತಿನ ಅಂಕಿಗಳಿರುತ್ತವೆ. ದಾರಿಯಲ್ಲಿ ಯಾರಾದರೂ ವಾಲ್ಯೂಮ್ ತಗ್ಗಿಸಿದರೆ, ಬೇರೊಂದು ಸದ್ದನ್ನು ಬೆರೆಸಿದರೆ, ಅಥವಾ 48 ಕಿಲೋಹರ್ಟ್ಸನ್ನು 44.1ಕ್ಕೆ ಬದಲಿಸಿದರೆ ಆ ಗುರುತು ಅಳಿದುಹೋಗುತ್ತದೆ. ಒಂದು ಬಿಟ್ ಕೂಡ ಬದಲಾಗದೆ ಸಾಗಬೇಕಾದ್ದರಿಂದಲೇ ಪಾಸ್‌ಥ್ರೂಗೆ ವಿಂಡೋಸಿನಲ್ಲಿ ವಾಸಾಪಿ ಎಂಬ ಧ್ವನಿ ವ್ಯವಸ್ಥೆಯ ಎಕ್ಸ್‌ಕ್ಲೂಸಿವ್ ಮೋಡ್ ಬೇಕು. ಆಗ ಪ್ಲೇಯರ್ ಬಿಟ್ಟು ಉಳಿದ ಪ್ರೋಗ್ರಾಮುಗಳಿಗೆ ಆ ಸಾಧನ ಸಿಗುವುದಿಲ್ಲ. ಕಂಪ್ಯೂಟರಿನ ವಾಲ್ಯೂಮ್ ಗುಂಡಿ ಕೆಲಸ ಮಾಡದಿರುವುದೂ ಇದರ ಸಹಜ ಪರಿಣಾಮ, ದೋಷವಲ್ಲ.

ಪ್ರತಿ ದೃಶ್ಯದ ಮೊದಲ ಅರೆ ಸೆಕೆಂಡ್ ನುಂಗಿಹೋಗುವುದು, ನಿಲ್ಲಿಸಿ ಶುರುಮಾಡಿದಾಗ ಟಪ್ ಎನ್ನುವುದು ವಿದ್ಯುತ್ ಉಳಿತಾಯದ ಫಲ. ಸದ್ದಿಲ್ಲದಾಗ ಚಿಪ್ ಮಲಗುತ್ತದೆ, ಎಚ್ಚರವಾದಾಗ ರಿಸೀವರ್ ಹೊಸದಾಗಿ ಲಯ ಹಿಡಿಯಬೇಕಾಗುತ್ತದೆ. ಲಿನಕ್ಸಿನ ಎಚ್‌ಡಿಎ ಇಂಟೆಲ್ ಡ್ರೈವರಿನಲ್ಲಿ ಪವರ್ ಸೇವ್ ಬೆಲೆಯನ್ನು 0 ಮಾಡಿದರೆ, ಕೋಡಿಯಲ್ಲಿ ಧ್ವನಿ ಸಾಧನವನ್ನು ಸದಾ ಎಚ್ಚರವಾಗಿಡುವ ಆಯ್ಕೆ ಒತ್ತಿದರೆ ಇದು ನಿಲ್ಲುತ್ತದೆ. ಆಟದ ನಡುನಡುವೆ ಚಟಚಟ ಸದ್ದು ಬಂದರೆ ಧ್ವನಿ ಡ್ರೈವರಿಗಿಂತ ಹೆಚ್ಚಾಗಿ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಪ್ರೊಸೆಸರನ್ನು ತಡೆಹಿಡಿಯುತ್ತಿರುತ್ತದೆ. ವೈಫೈ ಆಫ್ ಮಾಡಿ ನೋಡುವುದು ಇದರ ನೇರ ಪರೀಕ್ಷೆ.

ಗುಂಯ್ ಎನ್ನುವ ನಿರಂತರ ಸದ್ದಿಗೂ ಸೆಟ್ಟಿಂಗ್ಸಿಗೂ ಸಂಬಂಧವಿಲ್ಲ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸಿನದು, ಆ ಗುಂಯ್ ಕೂಡ 50 ಅಥವಾ 100 ಹರ್ಟ್ಸಿನದೇ. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದು, ಎರಡರ ಅರ್ಥಿಂಗ್ ನಡುವೆ ಅಲ್ಪ ವೋಲ್ಟೇಜ್ ವ್ಯತ್ಯಾಸವಿದ್ದರೆ ಧ್ವನಿ ತಂತಿಯ ಹೊರಕವಚದ ಮೂಲಕ ವಿದ್ಯುತ್ ಹರಿಯುತ್ತದೆ. ಬೀದಿಯಿಂದ ಬರುವ ಕೇಬಲ್ ಟಿವಿ ವೈರು ಸೆಟ್‌ಟಾಪ್ ಬಾಕ್ಸಿನ ಮೂಲಕ ಇದೇ ಸುತ್ತನ್ನು ಪೂರ್ತಿ ಮಾಡಬಲ್ಲದು; ಅದನ್ನು ಬಿಚ್ಚಿದ ಕ್ಷಣ ಗುಂಯ್ ನಿಂತರೆ ಕಾರಣ ಸಿಕ್ಕಂತೆಯೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತರುವುದು, ಅನಲಾಗ್ ಬಿಟ್ಟು ವಿದ್ಯುತ್ತನ್ನೇ ಒಯ್ಯದ ಆಪ್ಟಿಕಲ್ ತಂತಿ ಹಾಕುವುದು, ಕೇಬಲ್ ವೈರಿಗೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸುವುದು ಸರಿಯಾದ ದಾರಿಗಳು. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ತೆಗೆದುಬಿಡಿ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬಾರದು. ಗುಂಯ್ ನಿಲ್ಲಬಹುದು, ಆದರೆ ಕರೆಂಟು ಸೋರಿದ ದಿನ ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದವರ ಜೀವಕ್ಕೇ ಅಪಾಯ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗ ಮಾತ್ರ ಗುಂಯ್ ಕೇಳಿಸಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆ ಇರುವುದಿಲ್ಲ.

ತುಟಿಗೂ ಮಾತಿಗೂ ಹೊಂದಿಕೆ

ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ನೋಡುಗರಿಗೆ ಗೊತ್ತಾಗುತ್ತದೆ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ 1359 ಶಿಫಾರಸು ಹೇಳುತ್ತದೆ. ಮುಂದಾಗುವುದನ್ನು ಕಿವಿ ಬೇಗ ಹಿಡಿಯುತ್ತದೆ. ಲೋಕದಲ್ಲಿ ಸದ್ದು ಬೆಳಕಿಗಿಂತ ತಡವಾಗಿಯೇ ತಲುಪುವುದು ನಮಗೆ ರೂಢಿ. ಟಿವಿಗಳು ಚಿತ್ರವನ್ನು ಹೊಳಪುಗೊಳಿಸಲು ಸಮಯ ತೆಗೆದುಕೊಳ್ಳುವುದರಿಂದ ಧ್ವನಿ ಮುಂದಾಗುವುದೇ ಹೆಚ್ಚು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ ನೋಡಿ, ಉಳಿದ ಅಂತರವನ್ನು ರಿಸೀವರಿನ ಲಿಪ್ ಸಿಂಕ್ ಆಯ್ಕೆಯಲ್ಲಿ ಸರಿದೂಗಿಸಬಹುದು.

ಆರಂಭದಲ್ಲಿ ಹೊಂದಿಕೆಯಿದ್ದು ಬರಬರುತ್ತಾ ತಪ್ಪುವುದು ಬೇರೆಯೇ ಸಮಸ್ಯೆ. ಡಿಸ್ಕಿನ ಸಿನಿಮಾ ಹೆಚ್ಚಾಗಿ ಸೆಕೆಂಡಿಗೆ 23.976 ಚೌಕಟ್ಟುಗಳಲ್ಲಿ ಓಡುತ್ತದೆ. ಪರದೆ ಸರಿಯಾಗಿ 24ರಲ್ಲಿ ಓಡಿದರೆ ಪ್ರತಿ 42 ಸೆಕೆಂಡಿಗೆ ಒಂದು ಚೌಕಟ್ಟಿನ ವ್ಯತ್ಯಾಸ ಬೀಳುತ್ತದೆ. ಸರಿಪಡಿಸದೆ ಬಿಟ್ಟರೆ ಎರಡೂವರೆ ಗಂಟೆಯ ಸಿನಿಮಾದಲ್ಲಿ 9 ಸೆಕೆಂಡ್. ಪ್ಲೇಯರುಗಳು ಧ್ವನಿಯನ್ನು ಕಿವಿಗೆ ತಿಳಿಯದಷ್ಟು ಹಿಗ್ಗಿಸಿ ಕುಗ್ಗಿಸಿ ಇದನ್ನು ಮುಚ್ಚುತ್ತವೆ. ಬಿಟ್‌ಸ್ಟ್ರೀಮನ್ನು ಹಾಗೆ ಹಿಗ್ಗಿಸಲು ಬರುವುದಿಲ್ಲ. ಇಡೀ ಕಂತನ್ನೇ ಬಿಡಬೇಕು ಇಲ್ಲವೇ ಎರಡು ಸಲ ಕಳಿಸಬೇಕು, ಆಗ ಧ್ವನಿ ಅಲ್ಲಲ್ಲಿ ತಡವರಿಸುತ್ತದೆ. ಆದ್ದರಿಂದ ಪಾಸ್‌ಥ್ರೂ ಬಳಸುವವರು ಪರದೆಯ ರಿಫ್ರೆಶ್ ದರವನ್ನು ಸಿನಿಮಾಕ್ಕೆ ತಕ್ಕಂತೆ ತಾನಾಗಿ ಬದಲಿಸುವ ಆಯ್ಕೆಯನ್ನು ತೆರೆದಿಡಬೇಕು.

ಭಾಗವೇ ಕೆಟ್ಟಿದ್ದರೆ

ಬೇರೆ ಕೇಬಲ್, ಬೇರೆ ಪೋರ್ಟ್, ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಲಿಬ್ರೆಎಲೆಕ್‌ನಂಥ ಬೇರೆ ಸಿಸ್ಟಂ, ಬೇರೆ ಟಿವಿ ಈ ನಾಲ್ಕನ್ನೂ ಒಂದೊಂದಾಗಿ ಬದಲಿಸಿದ ಮೇಲೂ ಸದ್ದು ಬರದಿದ್ದರೆ ಆಗ ಬಿಡಿಭಾಗವನ್ನು ಶಂಕಿಸುವುದು ನ್ಯಾಯ. ಒಮ್ಮೆಗೆ ಒಂದನ್ನೇ ಬದಲಿಸಬೇಕು; ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಕಾರಣ ತಿಳಿಯುವುದಿಲ್ಲ, ದೋಷ ಮರುಕಳಿಸಿದಾಗ ಮೊದಲಿಂದ ಹುಡುಕಬೇಕಾಗುತ್ತದೆ. ಮಳೆಗಾಲದ ಸಿಡಿಲಿಗೆ ಕೇಬಲ್ ವೈರಿನ ಮೂಲಕ ಬಂದ ಹೆಚ್ಚುವರಿ ವೋಲ್ಟೇಜು ಎಚ್‌ಡಿಎಂಐ ಪೋರ್ಟನ್ನು ಸುಡುವುದುಂಟು; ಗುಡುಗು ಶುರುವಾದಾಗ ಆ ವೈರನ್ನು ಬಿಚ್ಚಿಡುವ ಅಭ್ಯಾಸ ಒಳ್ಳೆಯದು. ಮದರ್‌ಬೋರ್ಡಿನ ಧ್ವನಿ ಚಿಪ್ಪಷ್ಟೇ ಸತ್ತಿದ್ದರೆ ಬೋರ್ಡ್ ಬದಲಿಸುವ ಖರ್ಚು ಬೇಕಿಲ್ಲ. ಯುಎಸ್‌ಬಿ ಡ್ಯಾಕ್ ಎಂಬ ಸಣ್ಣ ಸಾಧನ ಆ ಕೆಲಸಕ್ಕೆ ಸಾಕು. ಯುಎಸ್‌ಬಿ ಆಡಿಯೋ ಕ್ಲಾಸ್ 2 ಸಾಧನಗಳಿಗೆ ಬೇಕಾದ ಡ್ರೈವರ್ 2017ರಿಂದ ವಿಂಡೋಸ್ 10ರಲ್ಲೇ ಅಡಕವಾಗಿದೆ, ಲಿನಕ್ಸಿನಲ್ಲಿ ಅದಕ್ಕೂ ಮೊದಲೇ ಇತ್ತು.